ಗದ್ದಲದ ಕಛೇರಿಯೂ ಸೂಕ್ಷ್ಮವಾದ ಕಿವಿಯೂ

ಕಣ್ಣಿಗೆ ರೆಪ್ಪೆಯುಂಟು, ಬೇಡವಾದುದನ್ನು ನೋಡದೆ ಮುಚ್ಚಿಕೊಳ್ಳಬಹುದು. ಬಾಯಿಗೆ ತುಟಿಯುಂಟು, ಬೇಡವಾದುದನ್ನು ನುಂಗದೆ ಬಿಗಿಹಿಡಿಯಬಹುದು. ಕಿವಿಗೆ ಮಾತ್ರ ಅಂತಹ ಕದವಿಲ್ಲ. ನಾವು ನಿದ್ರಿಸುತ್ತಿರುವಾಗಲೂ ಅದು ಬಾಗಿಲು ತೆರೆದುಕೊಂಡೇ ಇರುವುದು. ಕಾಡಿನಂಚಿನಲ್ಲಿ ಬಾಳಿದ ನಮ್ಮ ಪೂರ್ವಿಕರಿಗೆ ಈ ಎಚ್ಚರವು ಪ್ರಾಣರಕ್ಷಕವಾಗಿದ್ದಿತು. ಯಂತ್ರಗಳ ಮಗ್ಗುಲಲ್ಲಿ ಕುಳಿತು ಲೆಕ್ಕ ಬರೆಯಬೇಕಾದ ಇಂದಿನವರಿಗೆ ಅದೇ ಎಚ್ಚರವು ಎಷ್ಟೋ ವೇಳೆ ಹಿಂಸೆಯಾಗಿ ಪರಿಣಮಿಸಿದೆ.

ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಹೆಸರನ್ನು ಕೇಳಿದೊಡನೆ ಬಯಲುಸೀಮೆಯವರ ಮನಸ್ಸಿಗೆ ಬರುವುದು ಮಂಜು ಕವಿದ ಬೆಟ್ಟ, ಕಾಫಿ ಹೂವಿನ ಪರಿಮಳ, ಹಕ್ಕಿಯ ದನಿ, ಇವುಗಳೇ. ರಜೆಯಲ್ಲಿ ಎರಡು ದಿನ ಬಂದು ತಂಗುವವರಿಗೆ ಈ ಸೀಮೆಯು ಮೌನದ ತವರೆಂದೇ ತೋರುವುದು. ಆದರೆ ಇಲ್ಲಿ ದುಡಿದು ಜೀವಿಸುವವರನ್ನು ಕೇಳಿನೋಡಬೇಕು. ನವೆಂಬರಿನಿಂದ ಫೆಬ್ರವರಿಯವರೆಗೆ, ಹಣ್ಣು ಕೊಯ್ಯುವ ಕಾಲದಲ್ಲಿ, ತೋಟದ ಪಲ್ಪರ್ ಮನೆಯು ಸಂಜೆಯಾದರೆ ಮೊರೆಯತೊಡಗುವುದು. ವಿದ್ಯುತ್ತು ಹೋಯಿತೆಂದರೆ ಡೀಸೆಲ್ ಎಂಜಿನ್ನಿನ ಗುಡುಗು ಅದರೊಡನೆ ಸೇರುವುದು. ಮರಗಸಿಯ ದಿನಗಳಲ್ಲಿ ಗರಗಸದ ಯಂತ್ರ. ಕಳೆ ತೆಗೆಯುವ ದಿನಗಳಲ್ಲಿ ಕಳೆ ಕತ್ತರಿಸುವ ಯಂತ್ರ. ಕಣದಲ್ಲಿ ಒಣಗಿದ ಕಾಫಿಯು ಲಾರಿ ಹತ್ತಿ ಪೇಟೆಯ ಕ್ಯೂರಿಂಗ್ ವರ್ಕ್ಸಿಗೆ ಬಂದಿಳಿದರೆ ಅಲ್ಲಿ ಮತ್ತೊಂದು ಪ್ರಪಂಚ: ಸಿಪ್ಪೆ ಸುಲಿಯುವ ಹಲ್ಲರು, ಕಾಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವ ಅಲುಗಾಡುವ ಜರಡಿಗಳು, ಹೊಟ್ಟನ್ನು ಹಾರಿಸುವ ಗಾಳಿಯಂತ್ರ, ಬಣ್ಣ ನೋಡಿ ಕೆಟ್ಟ ಕಾಳನ್ನು ಗಾಳಿಯಿಂದ ಹೊಡೆದು ಹಾಕುವ ಹೊಸ ಯಂತ್ರದ ಚಟಪಟ. ಇವೆಲ್ಲವುಗಳ ಮಗ್ಗುಲಲ್ಲಿ, ಒಂದು ಅಡ್ಡಗೋಡೆಯಾಚೆ, ಕಛೇರಿ. ಅಲ್ಲಿ ಯಾರೋ ಒಬ್ಬರು ಮೂಟೆಯ ಸಂಖ್ಯೆ, ತೂಕ, ದರ್ಜೆಗಳನ್ನು ತಪ್ಪಿಲ್ಲದೆ ಬರೆಯಬೇಕು.

ಇಂತಹ ಕಡೆ ಹತ್ತು ಜನ ಕುಳಿತಿದ್ದರೆ ಎಂಟು ಜನರಿಗೆ ಏನೂ ಅನ್ನಿಸದೆ ಇರಬಹುದು. ಉಳಿದಿಬ್ಬರ ಪಾಡು ಬೇರೆ. ಮಧ್ಯಾಹ್ನದ ಹೊತ್ತಿಗೆ ಅವರ ಹಣೆ ಬಿಗಿಯುವುದು. ಕೂಡಿಸಿದ ಮೊತ್ತವನ್ನೇ ಮತ್ತೆ ಕೂಡಿಸುವರು. ಸಂಜೆ ಮನೆಗೆ ಬಂದಾಗ ಮಗು ಒಂದು ಲೋಟ ಬೀಳಿಸಿದರೂ ಸಿಡಿದುಬೀಳುವರು. “ಇವರದು ಬಲು ನಾಜೂಕು” ಎಂದು ಕಛೇರಿಯವರು ನಗುವರು. “ಹೊರಗಿನ ಕೋಪವನ್ನೆಲ್ಲ ತಂದು ನಮ್ಮ ಮೇಲೆ ಸುರಿಯುತ್ತಾರೆ” ಎಂದು ಮನೆಯವರು ನೊಂದುಕೊಳ್ಳುವರು. ಇದಕ್ಕಾಗಿ ಒಳ್ಳೆಯ ಕೆಲಸವನ್ನೇ ಬಿಟ್ಟವರುಂಟು. ಆದಕಾರಣ ಇದು ಸಂಸಾರಸ್ಥರೆಲ್ಲರೂ ಯೋಚಿಸತಕ್ಕ ವಿಷಯವೆಂದು ಭಾವಿಸಿ ಈ ನಾಲ್ಕು ಮಾತುಗಳನ್ನು ಬರೆಯಲಾಗಿದೆ.

ಇದು ನಟನೆಯೇ?

ಮೊಟ್ಟಮೊದಲು ತೀರ್ಮಾನವಾಗಬೇಕಾದ ಪ್ರಶ್ನೆ ಇದು. ಒಂದೇ ಸದ್ದು ಒಬ್ಬನಿಗೆ ಸಹ್ಯವಾಗಿಯೂ ಮತ್ತೊಬ್ಬನಿಗೆ ಅಸಹ್ಯವಾಗಿಯೂ ಇರುವುದು ಹೇಗೆ? ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷಿಸದೆ ಬಿಟ್ಟಿಲ್ಲ. ಅಮೆರಿಕಾದ ವೈನ್‌ಸ್ಟೈನ್ ಎಂಬ ಪಂಡಿತರು ವಿದ್ಯಾರ್ಥಿನಿಲಯದಲ್ಲಿದ್ದ ಹುಡುಗರ ವಿಚಾರವಾಗಿ 1978ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸದ್ದಿಗೆ ನೋಯುವ ಸ್ವಭಾವವನ್ನು ಪ್ರಶ್ನಾವಳಿಯಿಂದ ಅಳೆಯಬಹುದೆಂದು ತೋರಿಸಿದರು. ಫಿನ್ಲೆಂಡಿನಲ್ಲಿ ಅವಳಿಮಕ್ಕಳಾಗಿ ಹುಟ್ಟಿ ಬೆಳೆದವರನ್ನು ಕುರಿತು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು, ಈ ಸ್ವಭಾವದಲ್ಲಿ ಹುಟ್ಟಿನಿಂದ ಬಂದ ಪಾಲೂ ಉಂಟೆಂದು ಸೂಚಿಸಿತು. ಎತ್ತರ, ಮೈಬಣ್ಣಗಳಂತೆ ಇದೂ ಒಬ್ಬೊಬ್ಬರಲ್ಲಿ ಒಂದೊಂದು ಪ್ರಮಾಣದಲ್ಲಿರುತ್ತದೆ. ಕಿವಿ ಸೂಕ್ಷ್ಮವಾಗಿರುವವರನ್ನು ಹಳಿಯುವುದು ಬಿಸಿಲಿಗೆ ಬೇಗ ಬಾಡುವವನನ್ನು ಹಳಿದಂತೆ.

ಹಾಗೆಂದ ಮಾತ್ರಕ್ಕೆ ಕೈಕಟ್ಟಿ ಕೂರಬೇಕೆಂದಲ್ಲ. ಸದ್ದೆಂಬುದು ಒಂದೇ ಬಗೆಯ ಶತ್ರುವಲ್ಲ. ಕಿವಿಯನ್ನು ಕೆಡಿಸುವ ಸದ್ದು, ಕೆಲಸವನ್ನು ಕೆಡಿಸುವ ಸದ್ದು, ಮನಸ್ಸನ್ನು ಕೆಡಿಸುವ ಸದ್ದು ಎಂದು ಅದು ಮೂರು ತೆರನಾಗಿರುವುದು. ಒಂದಕ್ಕೆ ತಕ್ಕ ಔಷಧವು ಮತ್ತೊಂದಕ್ಕೆ ಸಲ್ಲದು. ತನ್ನನ್ನು ಕಾಡುತ್ತಿರುವುದು ಇವುಗಳಲ್ಲಿ ಯಾವುದೆಂದು ಗುರುತಿಸಿಕೊಂಡವನಿಗೆ ಅರ್ಧ ಕಷ್ಟವು ಕಳೆದಂತೆಯೇ ಸರಿ.

ಕಿವಿಯನ್ನು ಕೆಡಿಸುವ ಸದ್ದು

ಸದ್ದಿನ ಬಲವನ್ನು ಡೆಸಿಬೆಲ್ ಎಂಬ ಮಾನದಿಂದ ಅಳೆಯುವರು. ಪಿಸುಮಾತು ಸುಮಾರು 30, ಸಾಧಾರಣ ಸಂಭಾಷಣೆ ಸುಮಾರು 60 ಡೆಸಿಬೆಲ್. ಈ ಲೆಕ್ಕವು ನಮ್ಮ ಸೇರು ಪಾವುಗಳ ಲೆಕ್ಕದಂತಲ್ಲ. ಅಂಕೆಯು 3 ಏರಿದರೆ ಸದ್ದಿನ ಶಕ್ತಿಯು ಇಮ್ಮಡಿಯಾಗುವುದು. 10 ಏರಿದರೆ ಹತ್ತು ಮಡಿಯಾಗುವುದು. ದಿನಕ್ಕೆ 8 ಗಂಟೆಗಳ ಕಾಲ 85 ಡೆಸಿಬೆಲಿನಷ್ಟು ಸದ್ದಿನಲ್ಲಿರುವುದೇ ಕಿವಿಗೆ ಮೇರೆಯೆಂದು ತಜ್ಞರು ಗೊತ್ತುಮಾಡಿರುವರು. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ ಒಂದೇ ಗಂಟೆ. ಹೀಗೆ ಕಾಲವು ಅರ್ಧರ್ಧವಾಗಿ ಇಳಿಯುತ್ತ ಹೋಗುವುದು. ಅಳತೆಯ ಯಂತ್ರವಿಲ್ಲದವರು ಒಂದು ಸುಲಭವಾದ ಪರೀಕ್ಷೆಯನ್ನು ಮಾಡಿಕೊಳ್ಳಬಹುದು. ಕೈಯಳತೆಯ ದೂರದಲ್ಲಿ ನಿಂತವರಿಗೆ ಕೇಳಿಸಬೇಕಾದರೂ ದನಿಯನ್ನು ಎತ್ತರಿಸಬೇಕಾದಲ್ಲಿ, ಆ ಸ್ಥಳದ ಸದ್ದು 85ರ ಆಸುಪಾಸಿನಲ್ಲಿ ಇಲ್ಲವೆ ಅದಕ್ಕೂ ಮೇಲೆ ಇದೆಯೆಂದು ತಿಳಿಯಬೇಕು. ಮೊಬೈಲಿನಲ್ಲಿ ದೊರೆಯುವ ಶಬ್ದಮಾಪಕಗಳೂ ಸುಮಾರಾದ ಅಂದಾಜನ್ನು ಕೊಡುವುವು.

ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿರುವ ಒಂದು ಭಾಗವುಂಟು. ಅದರಲ್ಲಿ ಸದ್ದನ್ನು ಹಿಡಿದು ನರಕ್ಕೆ ಒಪ್ಪಿಸುವ ಅತಿಸೂಕ್ಷ್ಮವಾದ ಕೂದಲಿನಂತಹ ಕೋಶಗಳಿವೆ. ಒಂದೊಂದು ಕಿವಿಯಲ್ಲಿ ಸುಮಾರು ಹದಿನೈದು ಸಾವಿರ. ದೊಡ್ಡ ಸದ್ದಿನಲ್ಲಿ ವರ್ಷಗಟ್ಟಲೆ ಇದ್ದರೆ ಇವು ಸಾಯುತ್ತ ಬರುವುವು. ಗದ್ದೆಯ ಪೈರು ಮಳೆಗೆ ಒರಗಿದರೆ ಮತ್ತೆ ಏಳಬಹುದು, ಬುಡವೇ ಕಿತ್ತುಹೋದರೆ ಏಳುವುದುಂಟೆ? ಮನುಷ್ಯನ ಕಿವಿಯಲ್ಲಿ ಸತ್ತ ಕೋಶಗಳು ಮರಳಿ ಹುಟ್ಟುವುದಿಲ್ಲ.

ಇಲ್ಲಿಯೇ ಒಂದು ಮೋಸವಿರುವುದನ್ನು ವಾಚಕರು ಗಮನಿಸಬೇಕು. “ಮೊದಮೊದಲು ಕಷ್ಟವಾಗುತ್ತಿತ್ತು, ಈಗ ರೂಢಿಯಾಗಿದೆ” ಎಂದು ಯಂತ್ರದ ಬಳಿ ಹತ್ತಾರು ವರ್ಷ ದುಡಿದವರು ಹೇಳುವುದುಂಟು. ಮನಸ್ಸು ರೂಢಿ ಮಾಡಿಕೊಳ್ಳುವುದು ನಿಜ. ಕಿವಿಯು ರೂಢಿ ಮಾಡಿಕೊಳ್ಳುವುದಿಲ್ಲ. ಎಷ್ಟೋ ವೇಳೆ ಆ ರೂಢಿಯೆಂಬುದು ಕಿವುಡಿನ ಮೊದಲ ಮೆಟ್ಟಲಾಗಿರುವುದು. ಮೊದಲು ನಷ್ಟವಾಗುವುದು ಎತ್ತರದ ಸ್ವರಗಳು. ಸ, ಶ ಮುಂತಾದ ಅಕ್ಷರಗಳು ಅಸ್ಪಷ್ಟವಾಗುವುವು. ಮಾತು ಕೇಳಿಸಿದರೂ ಏನೆಂದು ತಿಳಿಯದು. ಮೊಮ್ಮಕ್ಕಳ ಸಣ್ಣ ದನಿಯು ದೂರವಾಗುವುದು. ಶಬ್ದದಿಂದುಂಟಾಗುವ ಈ ಕಿವುಡನ್ನು 1948ರ ಕಾರ್ಖಾನೆಗಳ ಕಾಯಿದೆಯ ರೋಗಪಟ್ಟಿಯಲ್ಲಿ ಸೇರಿಸಲಾಗಿದ್ದಿತು. ಉದ್ಯೋಗಸ್ಥಳದ ಸುರಕ್ಷತೆಯ ವಿಚಾರವಾದ 2020ರ ಸಂಹಿತೆಯ ಪಟ್ಟಿಯಲ್ಲಿಯೂ ಅದು ಇದೆ. ಹೀಗಿರುವಾಗ, ಅಡ್ಡಗೋಡೆಯಾಚೆ ಕುಳಿತ ಸೂಕ್ಷ್ಮ ಕಿವಿಯ ಗುಮಾಸ್ತನು “ಸದ್ದು ಹೆಚ್ಚಾಯಿತು” ಎಂದು ಹೇಳಿದಾಗ, ಅವನು ತನ್ನೊಬ್ಬನ ಪರವಾಗಿ ಮಾತ್ರ ಹೇಳುತ್ತಿಲ್ಲ. ಈಚೆಗೇ ಅಷ್ಟು ಕೇಳಿಸುವುದಾದರೆ ಆಚೆ ಹಲ್ಲರಿನ ಪಕ್ಕದಲ್ಲಿ ನಿಂತವನ ಗತಿಯೇನು? ಅಲ್ಲಿ ಕುಳಿತು ಕಾಳು ಆರಿಸುವ ಹೆಂಗಸರ ಗತಿಯೇನು? ಅವರ ಕಿವಿಗೆ ತಕ್ಕ ಮಫ್ಫನ್ನೋ ಪ್ಲಗ್ಗನ್ನೋ ಕೊಡಿಸುವುದು, ಸರದಿಯ ಮೇಲೆ ಅವರನ್ನು ಸದ್ದಿನಿಂದ ದೂರ ಕಳುಹಿಸುವುದು, ವರ್ಷಕ್ಕೊಮ್ಮೆ ಶ್ರವಣಪರೀಕ್ಷೆ ಮಾಡಿಸುವುದು ಯಜಮಾನರ ಕರ್ತವ್ಯ.

ಕೆಲಸವನ್ನು ಕೆಡಿಸುವ ಸದ್ದು

ಕಿವಿಗೆ ಯಾವ ಅಪಾಯವೂ ಇಲ್ಲದ, 60 ಡೆಸಿಬೆಲನ್ನೂ ಮುಟ್ಟದ ಸದ್ದು ಕೆಲಸವನ್ನು ಪೂರ್ತಿಯಾಗಿ ಹಾಳುಮಾಡಬಲ್ಲುದು. ಅದೇ ಮನುಷ್ಯರ ಮಾತು. ಸಾಲಾಗಿ ಕೊಟ್ಟ ಅಕ್ಷರಗಳನ್ನೋ ಅಂಕೆಗಳನ್ನೋ ಕ್ರಮ ತಪ್ಪದೆ ನೆನಪಿಡುವ ಕೆಲಸಕ್ಕೆ ಪಕ್ಕದ ಮಾತಿನಿಂದ ಬಹಳ ಭಂಗವುಂಟಾಗುವುದೆಂದು ಕೋಲ್, ವೆಲ್ಷ್ ಎಂಬಿಬ್ಬರು 1976ರಲ್ಲಿ ತೋರಿಸಿದರು. ಆ ಪರೀಕ್ಷೆಯಲ್ಲಿ ಇಂಗ್ಲಿಷ್ ಬಲ್ಲವರಿಗೆ ಕೇಳಿಸಿದ್ದು ಅವರಿಗೆ ಬಾರದ ಜರ್ಮನ್ ಭಾಷೆಯ ಓದು; ಅರ್ಥವಾಗದಿದ್ದರೂ ಅದು ಕೆಲಸವನ್ನು ಕೆಡಿಸಿತು. ಕನ್ನಡ, ತುಳು, ಕೊಂಕಣಿ, ತಮಿಳು, ಮಲೆಯಾಳಗಳು ಒಟ್ಟಿಗೆ ಕಿವಿಗೆ ಬೀಳುವ ಕಾಫಿ ಸೀಮೆಯ ಕಛೇರಿಗಳಲ್ಲಿ ಈ ಮಾತು ನೆನಪಿಡತಕ್ಕುದು. ಚೆಕ್‌ರೋಲಿನಲ್ಲಿ ಆಳುಗಳ ಹಾಜರಿಯನ್ನು ಬರೆಯುವ ರೈಟರ ಕೆಲಸ, ಬಟವಾಡೆಯ ಪಟ್ಟಿಯನ್ನು ಕೂಡಿಸುವ ಕೆಲಸ, ಮೂಟೆಗಳ ಸಂಖ್ಯೆಯನ್ನು ನಕಲು ಮಾಡುವ ಕೆಲಸ, ಇವೆಲ್ಲವೂ ಅಂಕೆಗಳನ್ನು ಕ್ರಮವಾಗಿ ಹಿಡಿದಿಟ್ಟುಕೊಳ್ಳುವ ಕೆಲಸಗಳೇ. ಹಲ್ಲರಿನ ಏಕಪ್ರಕಾರವಾದ ಮೊರೆತಕ್ಕಿಂತ ಪಕ್ಕದ ಮೇಜಿನ ಹರಟೆಯು ಇಂತಹ ಕೆಲಸಕ್ಕೆ ಹೆಚ್ಚು ಶತ್ರು.

ಫೋನಿನಲ್ಲಿ ಆಡುವ ಮಾತಂತೂ ಇನ್ನೂ ಕಠಿಣ. ಎರಡು ಕಡೆಯ ಸಂಭಾಷಣೆಗಿಂತ ಒಂದೇ ಕಡೆಯ ಮಾತು ಕೇಳಿಸುವುದು ಗಮನವನ್ನು ಹೆಚ್ಚಾಗಿ ಸೆಳೆಯುವುದೆಂದು 2010ರಲ್ಲಿ ಅಮೆರಿಕಾದ ಕಾರ್ನೆಲ್ ವಿಶ್ವವಿದ್ಯಾನಿಲಯದವರು ಕಂಡುಕೊಂಡರು. ಆ ಕಡೆಯವರು ಏನೆಂದರೋ ಎಂದು ಮನಸ್ಸು ತನಗೆ ತಿಳಿಯದಂತೆಯೇ ಊಹಿಸುತ್ತ ಕೂರುವುದು.

ಇದರಿಂದ ತೋರುವ ಉಪಾಯಗಳು ಸರಳವಾಗಿವೆ. ಅಂಕೆಗಳ ಕೆಲಸವನ್ನು ಜನ ಬರುವ ಮೊದಲೇ, ಬೆಳಗಿನ ಮೊದಲ ಗಂಟೆಯಲ್ಲಿ, ಮುಗಿಸಿಕೊಳ್ಳಬೇಕು. ಕಾಗದಪತ್ರಗಳನ್ನು ಜೋಡಿಸುವುದು, ಮೊಹರು ಹಾಕುವುದು ಮುಂತಾದ ಕೈಕೆಲಸಗಳನ್ನು ಗದ್ದಲದ ವೇಳೆಗೆ ಬಿಡಬೇಕು. ಫೋನಿನಲ್ಲಿ ಮಾತನಾಡುವವರಿಗೆ ಜಗುಲಿಯಲ್ಲಿ ಒಂದು ಸ್ಥಳವನ್ನು ಗೊತ್ತುಮಾಡಬೇಕು. ಒಂದು ಬೀಸಣಿಗೆಯ ಸಮನಾದ ಮರ್ಮರವು ಅಷ್ಟಿಷ್ಟು ದೂರದ ಮಾತನ್ನು ಮುಚ್ಚಿಬಿಡುವುದೂ ಉಂಟು. ಸುತ್ತಲ ಸದ್ದನ್ನು ಅಡಗಿಸುವ ಹೊಸ ಬಗೆಯ ಹೆಡ್‌ಫೋನನ್ನು ಕೊಳ್ಳುವವರು ಒಂದು ಸಂಗತಿಯನ್ನು ತಿಳಿದಿರಬೇಕು: ಅದು ಜನರೇಟರಿನ ತಗ್ಗಿದ ಗುಂಯ್‌ಗುಟ್ಟುವಿಕೆಯನ್ನು ಚೆನ್ನಾಗಿ ಅಡಗಿಸುವುದು, ಮಾತನ್ನು ಅಷ್ಟಾಗಿ ಅಡಗಿಸಲಾರದು. ಹೊರಗಿನ ಗದ್ದಲವನ್ನು ಮುಳುಗಿಸಲೆಂದು ಹಾಡನ್ನು ಜೋರಾಗಿ ಹಾಕಿಕೊಳ್ಳುವುದಂತೂ ಹುಲಿಗೆ ಹೆದರಿ ಕರಡಿಯ ಗವಿಯನ್ನು ಹೊಕ್ಕಂತೆ.

ಮನಸ್ಸನ್ನು ಕೆಡಿಸುವ ಸದ್ದು

ಮಲೆನಾಡಿನ ಮುಂಗಾರು ಮಳೆಯು ಹಂಚಿನ ಮೇಲೆ ಸುರಿಯುವಾಗ ಎದುರಿಗಿದ್ದವರ ಮಾತೂ ಕೇಳಿಸದು. ಸಂಜೆ ಜೀರುಂಡೆಗಳು ಒಮ್ಮೆಲೇ ಕೂಗತೊಡಗಿದರೆ ಕಾಡೇ ಝೇಂಕರಿಸುವುದು. ಆದರೂ ಪಕ್ಕದವರು ಪೆನ್ನಿನ ಗುಂಡಿಯನ್ನು ಟಕಟಕನೆ ಒತ್ತಿದರೆ ಕಂಗೆಡುವ ವ್ಯಕ್ತಿಯೇ ಆ ಮಳೆಯಲ್ಲಿ ಸುಖವಾಗಿ ನಿದ್ರಿಸುವುದನ್ನು ನೋಡಿರುತ್ತೇವೆ. ಇದರ ರಹಸ್ಯವೇನು?

ರೋಗಿಗಳ ಶುಶ್ರೂಷೆಯನ್ನು ಕುರಿತು ಫ್ಲಾರೆನ್ಸ್ ನೈಟಿಂಗೇಲ್ ಅವರು 1859ರಲ್ಲಿ ಬರೆದ ಪುಸ್ತಕದಲ್ಲಿ ಸದ್ದಿಗೇ ಒಂದು ಅಧ್ಯಾಯವನ್ನು ಮೀಸಲಿಟ್ಟಿರುವರು. ಸದ್ದು ದೊಡ್ಡದೆಂಬುದರಿಂದ ರೋಗಿಗೆ ಆಗುವ ಹಾನಿಗಿಂತ, ಅದು ಅನಾವಶ್ಯಕವಾದುದೆಂಬುದರಿಂದಲೂ, ಏನೋ ಆಗಲಿದೆಯೆಂಬ ನಿರೀಕ್ಷೆಯನ್ನು ಮನಸ್ಸಿನಲ್ಲಿ ಹುಟ್ಟಿಸುವುದರಿಂದಲೂ ಆಗುವ ಹಾನಿಯೇ ಹೆಚ್ಚೆಂಬುದು ಆಕೆಯ ಅಭಿಪ್ರಾಯ. ಕೋಣೆಯ ಹೊರಗೆ ನಡೆಯುವ ಪಿಸುಮಾತು ರೋಗಿಯನ್ನು ಎಷ್ಟು ಪೀಡಿಸುವುದೆಂಬುದನ್ನು ಆಕೆ ಚೆನ್ನಾಗಿ ಬಲ್ಲವಳಾಗಿದ್ದಳು.

ನೂರು ವರ್ಷಗಳಿಗೂ ಮೇಲ್ಪಟ್ಟು ಆದನಂತರ ಇದೇ ಮಾತು ಪ್ರಯೋಗದಿಂದ ಸ್ಥಿರಪಟ್ಟಿತು. ಗ್ಲಾಸ್, ಸಿಂಗರ್ ಎಂಬ ಇಬ್ಬರು ಅಮೆರಿಕಾದ ವಿದ್ವಾಂಸರು ಬೆರಳಚ್ಚಿನ ಯಂತ್ರ, ನಕಲು ತೆಗೆಯುವ ಯಂತ್ರ, ಪರಭಾಷೆಯ ಮಾತು ಮುಂತಾದವುಗಳ ಸದ್ದನ್ನು ಕಲಸಿ, ಕೆಲಸ ಮಾಡುತ್ತಿದ್ದವರಿಗೆ ಕೇಳಿಸಿದರು. ಅವರ ಗ್ರಂಥವು 1972ರಲ್ಲಿ ಹೊರಬಂದಿತು. ಆಶ್ಚರ್ಯವೇನೆಂದರೆ, ಸದ್ದು ನಡೆಯುತ್ತಿರುವಾಗ ಜನರು ಬೇಗನೆ ಹೊಂದಿಕೊಂಡು ಸರಳವಾದ ಕೆಲಸಗಳನ್ನು ಸರಿಯಾಗಿಯೇ ಮಾಡಿದರು. ಹಾನಿಯು ಕಂಡುಬಂದುದು ಸದ್ದು ನಿಂತ ಮೇಲೆ. ಯಾವಾಗ ಬರುವುದೋ ತಿಳಿಯದಂತೆ ಬಂದ ಸದ್ದಿನಲ್ಲಿ ಇದ್ದವರು ಆಮೇಲೆ ಕಠಿಣವಾದ ಸಮಸ್ಯೆಗಳನ್ನು ಬೇಗ ಕೈಬಿಟ್ಟರು. ಅಚ್ಚಿನ ತಪ್ಪುಗಳನ್ನು ಹಿಡಿಯುವುದರಲ್ಲಿ ಸೋತರು. ಇನ್ನು ಕೆಲವರಿಗೆ ಒಂದು ಗುಂಡಿಯನ್ನು ತೋರಿಸಿ, “ಬೇಕಾದರೆ ಇದನ್ನು ಒತ್ತಿ ಸದ್ದನ್ನು ನಿಲ್ಲಿಸಬಹುದು, ಒತ್ತದಿದ್ದರೆ ಒಳ್ಳೆಯದು” ಎಂದು ಹೇಳಲಾಗಿತ್ತು. ಅವರಲ್ಲಿ ಹೆಚ್ಚಿನವರು ಗುಂಡಿಯನ್ನು ಮುಟ್ಟಲೇ ಇಲ್ಲ. ಆದರೂ ಅದೇ ಸದ್ದನ್ನು ಅಷ್ಟೇ ಹೊತ್ತು ಕೇಳಿದ ಅವರಿಗೆ ಹಾನಿಯು ಬಹಳ ಕಡಿಮೆಯಾಗಿದ್ದಿತು.

ಈ ಪ್ರಯೋಗದಲ್ಲಿ ಸಂಸಾರಸ್ಥರಿಗೆ ಎರಡು ಪಾಠಗಳಿವೆ. ದಿನವೆಲ್ಲ ಸಹಿಸಿಕೊಂಡವನು ಸಂಜೆ ಮನೆಯಲ್ಲಿ ಸಿಡುಕುವುದು ದುಷ್ಟತನದಿಂದಲ್ಲ. ಹಗಲು ಮಾಡಿದ ಸಾಲವನ್ನು ಸಂಜೆ ತೀರಿಸುತ್ತಿರುವನು. ಇದು ಮೊದಲನೆಯ ಪಾಠ. ಸದ್ದನ್ನು ನಿಲ್ಲಿಸಲಾಗದಿದ್ದರೂ ಅದು ಎಷ್ಟು ಹೊತ್ತಿಗೆ ಬರುವುದು, ಎಷ್ಟು ಹೊತ್ತಿಗೆ ನಿಲ್ಲುವುದು, ತೀರ ಬೇಕಾದರೆ ಯಾರಿಗೆ ಹೇಳಬಹುದು ಎಂಬುದು ತಿಳಿದಿದ್ದರೆ ಅರ್ಧ ಭಾರವು ಇಳಿಯುವುದು. ಇದು ಎರಡನೆಯದು. ಮಳೆಯು ಮೋಡವನ್ನು ಕಳುಹಿಸಿ ಬರುವುದು. ಜೀರುಂಡೆಯು ಹೊತ್ತು ನೋಡಿ ಕೂಗುವುದು. ಯಂತ್ರವು ಹೇಳದೆ ಕೇಳದೆ ಬರುವುದರಿಂದಲೇ ನಮ್ಮನ್ನು ಅಷ್ಟು ನೋಯಿಸುವುದು.

ಕೋಣೆಯನ್ನು ಸರಿಪಡಿಸುವ ಬಗೆ

ಸ್ಕಾಟ್ಲೆಂಡಿನ ಲೇಖಕ ಕಾರ್ಲೈಲನು ನೆರೆಮನೆಯ ಕೋಳಿಗಳ ಕೂಗನ್ನೂ ಬೀದಿಯ ಸದ್ದನ್ನೂ ತಾಳಲಾರದೆ 1853ರಲ್ಲಿ ಲಂಡನ್ನಿನ ತನ್ನ ಮನೆಯ ಮೇಲಂತಸ್ತಿನಲ್ಲಿ ಬಹಳ ಹಣ ಸುರಿದು ನಿಶ್ಶಬ್ದವಾದ ಕೋಣೆಯೊಂದನ್ನು ಕಟ್ಟಿಸಲು ತೊಡಗಿದನು. ಕಟ್ಟಿ ಮುಗಿದ ಮೇಲೆ ನೋಡಿದರೆ ಅದು ನಿಶ್ಶಬ್ದವಾಗಿರಲಿಲ್ಲ. ಸದ್ದಿನ ಸ್ವಭಾವವನ್ನು ಅರಿಯದೆ ಹಣ ವೆಚ್ಚ ಮಾಡಿದರೆ ಆಗುವುದು ಹೀಗೆಯೇ.

ಹೊರಗಿನ ಸದ್ದು ಒಳಗೆ ಬಾರದಂತೆ ತಡೆಯುವುದು ಒಂದು, ಒಳಗಿನ ಸದ್ದು ಮಾರ್ದನಿಗೊಡದಂತೆ ಹೀರುವುದು ಮತ್ತೊಂದು. ತಡೆಯುವುದಕ್ಕೆ ಭಾರವೂ ಸಂದಿಲ್ಲದಿರುವಿಕೆಯೂ ಬೇಕು. ಗೋಡೆಯ ವಿಸ್ತೀರ್ಣದಲ್ಲಿ ನೂರಕ್ಕೆ ಒಂದು ಪಾಲಿನಷ್ಟು ತೆರಪಿದ್ದರೂ ಆ ಗೋಡೆಯು ಎಷ್ಟು ದಪ್ಪವಾಗಿದ್ದರೇನು, ಸುಮಾರು 20 ಡೆಸಿಬೆಲಿಗಿಂತ ಹೆಚ್ಚನ್ನು ತಡೆಯಲಾರದು. ನಮ್ಮ ಹಂಚಿನ ಕಟ್ಟಡಗಳಲ್ಲಿ ಅಡ್ಡಗೋಡೆಯು ಮಾಡಿನವರೆಗೆ ಏರದೆ ನಡುವೆಯೇ ನಿಲ್ಲುವುದು ಬಹಳ ಕಡೆ ವಾಡಿಕೆ. ಗಾಳಿಯಾಡುವುದಕ್ಕೆ ಅದು ಒಳ್ಳೆಯದೇ. ಆದರೆ ಯಂತ್ರದ ಸದ್ದು ಆ ತೆರಪಿನಿಂದಲೇ ಹರಿದು ಬರುವುದು. ಅದನ್ನು ಹಲಗೆಯಿಂದಲೋ ಇಟ್ಟಿಗೆಯಿಂದಲೋ ಮಾಡಿನವರೆಗೆ ಮುಚ್ಚಿ, ಯಂತ್ರವಿಲ್ಲದ ಕಡೆಗೆ ಕಿಟಕಿಯನ್ನು ತೆರೆದರೆ ಗಾಳಿಗೂ ಕೊರತೆಯಾಗದು. ಬಾಗಿಲ ಕೆಳಗಿನ ಸಂದಿಗೆ ರಬ್ಬರಿನ ಪಟ್ಟಿ ಹೊಡೆಸುವುದಕ್ಕೆ ಎಷ್ಟು ಖರ್ಚು? ಕಾಫಿ ತುಂಬಿದ ಗೋಣಿಮೂಟೆಗಳನ್ನು ಯಂತ್ರಕ್ಕೂ ಕಛೇರಿಗೂ ನಡುವೆ ಎತ್ತರವಾಗಿ ಅಟ್ಟಿ ಹಾಕಿದರೆ, ಭಾರವೂ ಮೆತುವೂ ಆದ ಆ ಗೋಡೆಯು ಬಿಟ್ಟಿಯಾಗಿ ದೊರೆತಂತಾಗುವುದು.

ಹೀರುವ ವಿಚಾರಕ್ಕೆ ಬಿಜಾಪುರದ ಗೋಲಗುಮ್ಮಟವನ್ನು ನೆನೆದರೆ ಸಾಕು. ಅಲ್ಲಿ ಒಂದು ಚಪ್ಪಾಳೆಯು ಹಲವು ಬಾರಿ ಮರುನುಡಿಯುವುದು ಗಟ್ಟಿಯಾದ ಗಾರೆಯು ಸದ್ದನ್ನು ನುಂಗದೆ ಹಿಂದಿರುಗಿಸುವುದರಿಂದ. ಸಿಮೆಂಟಿನ ನೆಲ, ಬರಿಗೋಡೆ, ಕಬ್ಬಿಣದ ಬೀರುಗಳಿರುವ ಕಛೇರಿಯೂ ಒಂದು ಪುಟ್ಟ ಗೋಲಗುಮ್ಮಟವೇ. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಒಂದು ಉಪನ್ಯಾಸ ಮಂದಿರದಲ್ಲಿ ಮಾತೇ ತಿಳಿಯದಾಗಿದ್ದಾಗ, ವಾಲೇಸ್ ಸೇಬಿನ್ ಎಂಬ ತರುಣ ಅಧ್ಯಾಪಕರು 1895ರಲ್ಲಿ ಆ ಕೆಲಸವನ್ನು ಕೈಗೊಂಡು, ರಾತ್ರಿಯ ವೇಳೆ ನಾಟಕಶಾಲೆಯ ಮೆತ್ತೆಗಳನ್ನು ಹೊರಿಸಿ ತಂದು ಹರಡಿ, ಮೆತ್ತೆ ಹೆಚ್ಚಾದಂತೆ ಮಾರ್ದನಿಯು ಎಷ್ಟು ಬೇಗ ಅಡಗುವುದೆಂದು ಅಳೆದರು. ನಮ್ಮ ಕಛೇರಿಗೆ ಅಷ್ಟು ಬೇಡ. ನೆಲಕ್ಕೊಂದು ದಪ್ಪ ಜಮಖಾನೆ, ಗೋಡೆಗೆ ಮಡಿಸಿದ ಗೋಣಿತಾಟಿನ ಪರದೆ, ಪುಸ್ತಕ ತುಂಬಿದ ಅಲಮಾರು, ಕುರ್ಚಿಯ ಕಾಲಿಗೆ ರಬ್ಬರಿನ ಟೋಪಿ, ಇಷ್ಟೇ ಸಾಕು. ತೆಳುವಾದ ಪರದೆಯು ಹೊರಗಿನ ಸದ್ದನ್ನು ತಡೆಯುವುದೆಂದು ಮಾತ್ರ ನಂಬಬಾರದು.

ಎಲ್ಲಕ್ಕಿಂತ ಮೇಲಾದುದು ಸದ್ದನ್ನು ಹುಟ್ಟಿದಲ್ಲಿಯೇ ಕಡಿಮೆ ಮಾಡುವುದು. ಎಣ್ಣೆ ಕಾಣದ ಬೇರಿಂಗು, ಸಡಿಲವಾದ ಬೋಲ್ಟು, ನಡುಗುವ ತಗಡು, ಇವುಗಳಿಂದ ಬರುವ ಸದ್ದು ವ್ಯರ್ಥವಾದ ಸದ್ದು. ಯಂತ್ರದ ಪಾದಕ್ಕೆ ರಬ್ಬರಿನ ಹಾಸು ಕೊಟ್ಟರೆ ನೆಲದ ಮೂಲಕ ಬರುವ ಅದುರು ತಗ್ಗುವುದು. ಬಯಲಿನಲ್ಲಿ ಜನರೇಟರಿನಿಂದ ದೂರವು ಇಮ್ಮಡಿಯಾದಂತೆಲ್ಲ 6 ಡೆಸಿಬೆಲ್ ಇಳಿಯುವುದರಿಂದ, ಅದನ್ನು ಕಿಟಕಿಯ ಬುಡದಿಂದ ತೋಟದ ಕಡೆಗೆ ಸರಿಸುವುದು ಎಲ್ಲಕ್ಕಿಂತ ಅಗ್ಗದ ಉಪಾಯ.

ಕೇಳಿಕೊಳ್ಳುವ ಬಗೆ

ಸೂಕ್ಷ್ಮ ಕಿವಿಯವರು ಸಾಧಾರಣವಾಗಿ ಎರಡು ತಪ್ಪುಗಳನ್ನು ಮಾಡುವರು: ತಿಂಗಳುಗಟ್ಟಲೆ ಬಾಯಿ ಬಿಡದೆ ಸಹಿಸುವರು, ಆಮೇಲೆ ಒಂದು ದಿನ ಯಾರ ಮೇಲೆಯೋ ಎಗರಿ ಬೀಳುವರು. ಎರಡರಿಂದಲೂ ಲಾಭವಿಲ್ಲ. ಒಂದು ವಾರ ಸಣ್ಣ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು: ಯಾವ ಹೊತ್ತು, ಯಾವ ಸದ್ದು, ಯಾವ ಕೆಲಸ ಕೆಟ್ಟಿತು. ಆಮೇಲೆ ಮ್ಯಾನೇಜರರು ಬಿಡುವಾಗಿರುವ ವೇಳೆಯನ್ನು ನೋಡಿ ಹೀಗೆ ಹೇಳಬಹುದು:

“ಸಾರ್, ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ತೂಕದ ಪಟ್ಟಿ ಬರೆಯುವಾಗ ಮಾತ್ರ ನನ್ನ ಮೇಜನ್ನು ಒಳಕೋಣೆಗೆ ಹಾಕಿಕೊಳ್ಳಲೇ? ಹನ್ನೆರಡಕ್ಕೆ ಪಟ್ಟಿ ತಪ್ಪಿಲ್ಲದೆ ನಿಮ್ಮ ಕೈಗೆ ಬರುತ್ತದೆ. ಹಲ್ಲರನ್ನು ಎಷ್ಟು ಹೊತ್ತಿಗೆ ಶುರು ಮಾಡುತ್ತಾರೆಂದು ಹಿಂದಿನ ದಿನವೇ ಮೇಸ್ತ್ರಿಯವರು ಒಂದು ಮಾತು ಹೇಳಿದರೆ ಉಪಕಾರವಾಗುತ್ತದೆ.”

ಈ ಮಾತಿನಲ್ಲಿ ದೂರಿಲ್ಲ, ಬೇಡಿಕೆಯು ಚಿಕ್ಕದು, ಯಜಮಾನನಿಗೆ ಆಗುವ ಲಾಭವೂ ಅದರಲ್ಲಿಯೇ ಇದೆ. ಇಂತಹ ಬೇಡಿಕೆಯನ್ನು ತಳ್ಳಿಹಾಕುವವರು ವಿರಳ. ಜೊತೆಯವರೊಡನೆಯೂ ಹಾಗೆಯೇ. “ನೀವು ಬಹಳ ಗಲಾಟೆ ಮಾಡುತ್ತೀರಿ” ಎನ್ನುವುದಕ್ಕಿಂತ “ಲೆಕ್ಕ ಕೂಡಿಸುವಾಗ ನನಗೆ ಮಾತು ಕೇಳಿದರೆ ತಪ್ಪಿಹೋಗುತ್ತದೆ, ಅರ್ಧ ಗಂಟೆ ನೋಡಿಕೊಳ್ಳಿ” ಎನ್ನುವುದು ಮೇಲು.

ನೆರಳು ಬೇಕು, ಕತ್ತಲೆ ಬೇಡ

ಕಡೆಗೆ ಕಿವಿಯನ್ನು ಮುಚ್ಚುವ ವಿಚಾರ. ಹತ್ತಿಯನ್ನು ತುರುಕಿಕೊಳ್ಳುವುದರಿಂದ ಹೆಚ್ಚಿನ ರಕ್ಷಣೆಯಿಲ್ಲ. ಔಷಧದಂಗಡಿಯಲ್ಲಿ ದೊರೆಯುವ ಸ್ಪಂಜಿನ ಪ್ಲಗ್ಗು ಅಗ್ಗವೂ ಹೌದು, ಉಪಯುಕ್ತವೂ ಹೌದು. ಅದನ್ನು ಬೆರಳುಗಳ ನಡುವೆ ಹೊಸೆದು ತೆಳುಮಾಡಿ, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಟ್ಟು, ಅದು ಉಬ್ಬಿ ತುಂಬಿಕೊಳ್ಳುವವರೆಗೆ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಕೈ ಶುಚಿಯಾಗಿರಬೇಕು.

ಆದರೆ ಒಂದು ಎಚ್ಚರಿಕೆ. 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯವಾದ ಕಿವಿಯವರು ಎರಡು ವಾರ ಪ್ಲಗ್ಗು ಹಾಕಿಕೊಂಡಿದ್ದರು. ತೆಗೆದ ಮೇಲೆ ಅವರಿಗೆ ಸಾಧಾರಣ ಸದ್ದೂ ಮೊದಲಿಗಿಂತ ದೊಡ್ಡದಾಗಿ ಕೇಳಿಸಿತು. ಅದೇ ಎರಡು ವಾರ ಕಿವಿಯಲ್ಲಿ ಮೆಲ್ಲನೆಯ ಸದ್ದನ್ನು ಕೇಳುತ್ತಿದ್ದವರಿಗೆ ಸಹನಶಕ್ತಿಯು ಹೆಚ್ಚಿತು. ಕತ್ತಲೆಯ ಕೋಣೆಯಿಂದ ಬಂದವನಿಗೆ ಬೆಳಕು ಚುಚ್ಚುವಂತೆ, ಸದ್ದಿಲ್ಲದೆ ಇದ್ದ ಮಿದುಳು ತನ್ನ ಸೂಕ್ಷ್ಮತೆಯನ್ನು ತಾನೇ ಏರಿಸಿಕೊಳ್ಳುವುದು.

ಕಾಫಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಯಲ ಬಿಸಿಲಿನಲ್ಲಿ ಗಿಡವು ಸುಡುವುದು. ಹಾಲವಾಣ, ಸಿಲ್ವರ್ ಓಕುಗಳ ನೆರಳು ದಟ್ಟವಾಗಿ ಕವಿದರೆ ಗಿಡವು ಸೊಪ್ಪಾಗಿ ಬೆಳೆದು ಫಲ ಕೊಡದು. ಅದಕ್ಕಾಗಿಯೇ ಮರಗಸಿ ಮಾಡಿ, ಬೇಕಾದಷ್ಟು ಬೆಳಕನ್ನು ಒಳಗೆ ಬಿಡುವುದು. ಕಿವಿಗೂ ಅಂತಹುದೇ ಮರಗಸಿ ಬೇಕು. 85ರ ಮೇಲಿನ ಸದ್ದಿನಲ್ಲಿ ಮರೆಯದೆ ಪ್ಲಗ್ಗು. ಕಠಿಣವಾದ ಲೆಕ್ಕದ ಒಂದೆರಡು ಗಂಟೆ ಬೇಕಾದರೆ ಪ್ಲಗ್ಗು. ಮಿಕ್ಕ ವೇಳೆಯಲ್ಲಿ, ಅಂಗಳದಲ್ಲಿ, ಊಟದ ಪಂಕ್ತಿಯಲ್ಲಿ, ಬಸ್ಸಿನ ಕಿಟಕಿಯ ಬಳಿ, ಕಿವಿಯು ತೆರೆದೇ ಇರಲಿ.

ಸದ್ದಿನಿಂದ ಕಿವಿಯಲ್ಲಿ ನೋವುಂಟಾದರೆ, ಒಳಗೆ ಗುಂಯ್‌ಗುಟ್ಟುವಿಕೆ ನಿಲ್ಲದಿದ್ದರೆ, ತಲೆಸುತ್ತು ಬಂದರೆ, ಅರೆತಲೆನೋವಿನೊಡನೆ ಈ ಬಾಧೆಯು ಕೂಡಿದ್ದರೆ, ಇಲ್ಲವೆ ಹಿಂದೆ ಇಲ್ಲದ ಸೂಕ್ಷ್ಮತೆಯು ಹಠಾತ್ತಾಗಿ ತಲೆದೋರಿದರೆ, ವೈದ್ಯರಲ್ಲಿ ಹೋಗುವುದೇ ಸರಿ. ಇದಕ್ಕೆ ಕ್ರಮವಾದ ಚಿಕಿತ್ಸೆಯುಂಟು. 1960ರ ದಶಕದಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಕಿವಿಯ ಪರೀಕ್ಷೆಗಳಿಗಾಗಿ ದೇಶದಲ್ಲಿಯೇ ಹೆಸರಾದುದು.

ಮನೆಯವರಿಗೆ

ಸಂಜೆ ದುಡಿದು ಬಂದವರು, ಗಂಡಸಾಗಲಿ ಹೆಂಗಸಾಗಲಿ, ಕೈಕಾಲು ತೊಳೆದು ಕಾಫಿ ಕುಡಿಯುವ ಅರ್ಧ ಗಂಟೆ ಟೆಲಿವಿಷನ್ನು ಮೌನವಾಗಿರಲಿ, ಮಿಕ್ಸಿಯ ಕೆಲಸವು ಆಮೇಲಾಗಲಿ. ಬಂದವರೂ ಮನೆಯವರ ಮೇಲೆ ಒರಟಾಡದೆ, “ಇವತ್ತು ಕಿವಿ ಬಹಳ ದಣಿದಿದೆ” ಎಂದು ಒಂದು ಮಾತು ಹೇಳಲಿ. ಹೇಳಿದರಲ್ಲವೆ ತಿಳಿಯುವುದು?

ಮಕ್ಕಳ ಓದಿಗೂ ಇದು ಸಂಬಂಧಿಸಿದೆ. ನ್ಯೂಯಾರ್ಕಿನಲ್ಲಿ ಮೇಲುಸೇತುವೆಯ ರೈಲುಹಾದಿಯ ಪಕ್ಕದ ಶಾಲೆಯೊಂದರಲ್ಲಿ, ಹಳಿಯ ಕಡೆಯ ಕೋಣೆಯ ಮಕ್ಕಳು ಅದೇ ಶಾಲೆಯ ಆಚೆ ಮಗ್ಗುಲಿನ ಮಕ್ಕಳಿಗಿಂತ ಓದಿನಲ್ಲಿ ಹಿಂದುಳಿದಿದ್ದುದನ್ನು ಆರ್ಲೀನ್ ಬ್ರಾನ್‌ಜಾಫ್ಟ್ ಎಂಬಾಕೆ 1975ರಲ್ಲಿ ತೋರಿಸಿಕೊಟ್ಟರು. ಹಳಿಗೆ ರಬ್ಬರಿನ ಹಾಸನ್ನೂ ಕೋಣೆಗೆ ಸದ್ದನ್ನು ಹೀರುವ ಛಾವಣಿಯನ್ನೂ ಹಾಕಿದ ಬಳಿಕ ಪರೀಕ್ಷಿಸಿದಾಗ ಆ ವ್ಯತ್ಯಾಸವು ಅಳಿದುಹೋಗಿದ್ದಿತು. ಮಕ್ಕಳ ಬುದ್ಧಿಯಲ್ಲಿ ದೋಷವಿರಲಿಲ್ಲ. ದೋಷವು ಕಿಟಕಿಯಾಚೆ ಇದ್ದಿತು. ನಮ್ಮ ದೇಶದ 2000ದ ಶಬ್ದ ನಿಯಮಗಳು ವಸತಿಯ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು ಮೇರೆಯನ್ನು ಹಾಕಿದವು. ಮೇರೆಯನ್ನು ಕಾಯುವುದು ಸರಕಾರದ ಕೆಲಸ ಮಾತ್ರವಲ್ಲ. ಹಾರನ್ನನ್ನು ಒತ್ತುವ ಕೈಯೂ ರೇಡಿಯೋದ ತಿರುಗಣೆಯನ್ನು ತಿರುಗಿಸುವ ಕೈಯೂ ನಮ್ಮವೇ ಅಲ್ಲವೆ?

ಪ್ರಪಂಚವನ್ನೆಲ್ಲ ಮೌನಗೊಳಿಸುವುದು ಯಾರಿಂದಲೂ ಆಗದು, ಆಗಬೇಕಾಗಿಯೂ ಇಲ್ಲ. ದುಡಿಮೆ ಇರುವಲ್ಲಿ ಸದ್ದು ಇದ್ದೇ ಇರುವುದು. ಅಳೆದು ನೋಡಿ ಅಪಾಯದ ಸದ್ದನ್ನು ತಗ್ಗಿಸುವುದು, ಹೊತ್ತು ಗೊತ್ತುಮಾಡಿ ಅನಿವಾರ್ಯವಾದ ಸದ್ದನ್ನು ಸಹ್ಯವಾಗಿಸುವುದು, ಒಬ್ಬರ ಕಿವಿಯನ್ನು ಮತ್ತೊಬ್ಬರು ಗೌರವಿಸುವುದು, ಇಷ್ಟು ನಮ್ಮ ಕೈಯಲ್ಲಿದೆ. ಮನೆಯಲ್ಲಾಗಲಿ ಕಛೇರಿಯಲ್ಲಾಗಲಿ ಸೂಕ್ಷ್ಮವಾದ ಕಿವಿಯುಳ್ಳ ಒಬ್ಬರಿದ್ದರೆ ಅವರನ್ನು ನಗೆಗೀಡುಮಾಡದಿರೋಣ. ಮಿಕ್ಕವರ ಕಿವಿಗೆ ಬರಲಿರುವ ಕೇಡನ್ನು ಅವರು ಮುಂಚಿತವಾಗಿಯೇ ಕೇಳಿಸಿಕೊಂಡಿರಬಹುದು.